ಏರಿ ಒಡೆಯುವ ಸದ್ದು

"ಹಳೆಯ ಬ್ಲೂಸ್ ಹಾಡನ್ನು ಬೇರೆಯವರು ಮತ್ತೆ ಹಾಡಿದ್ದರಲ್ಲಿ ನಿಮಗೆ ಅತ್ಯಂತ ಪ್ರಿಯವಾದದ್ದು ಯಾವುದು? ಅದು ಮೂಲಕ್ಕಿಂತ ಚೆನ್ನಾಗಿದೆಯೇ?" ಎಂದು ಕೇಳಿದ್ದೀರಿ. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಹಾಡಿನ ಪ್ರಕಾರ. ಮೊದಲ ಪ್ರಶ್ನೆಗೆ ನಾನು ಯೋಚಿಸಬೇಕಾಗಿಯೇ ಇಲ್ಲ. ಇಂಗ್ಲೆಂಡಿನ ಲೆಡ್ ಝೆಪೆಲಿನ್ ಎಂಬ ರಾಕ್ ತಂಡ 1971ರಲ್ಲಿ ತನ್ನ ನಾಲ್ಕನೆಯ ಆಲ್ಬಮ್ಮಿನ ಕೊನೆಗಿಟ್ಟ 'ವೆನ್ ದ ಲೆವೀ ಬ್ರೇಕ್ಸ್'. ಎರಡನೆಯ ಪ್ರಶ್ನೆ ಹಾಗಲ್ಲ. ಅದಕ್ಕೆ ಉತ್ತರಿಸಬೇಕಾದರೆ ಹಾಡು ಹುಟ್ಟಿದ ಜಾಗಕ್ಕೇ ಹೋಗಬೇಕು.

ಲೆವೀ ಎಂದರೆ ನದಿ ಉಕ್ಕಿ ಊರಿಗೆ ನುಗ್ಗದಂತೆ ದಂಡೆಯುದ್ದಕ್ಕೂ ಹಾಕುವ ಮಣ್ಣಿನ ಒಡ್ಡು. ನಮ್ಮ ಕೆರೆ ಏರಿಯನ್ನೇ ನೂರಾರು ಮೈಲಿ ಎಳೆದಂತೆ ಊಹಿಸಿಕೊಳ್ಳಿ. ತಿಂಗಳುಗಟ್ಟಲೆ ಸುರಿದ ಮಳೆಗೆ ಅಮೆರಿಕದ ಮಿಸಿಸಿಪ್ಪಿ ನದಿ ತುಂಬಿ, 1927ರ ಏಪ್ರಿಲ್ 21ರಂದು ಗ್ರೀನ್‌ವಿಲ್ ಪಟ್ಟಣದ ಮೇಲ್ಭಾಗದ ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ಈ ಏರಿ ಒಡೆಯಿತು. ಆ ವರ್ಷದ ಪ್ರವಾಹದಲ್ಲಿ ಒಟ್ಟು ಸುಮಾರು 70,000 ಚದರ ಕಿಲೋಮೀಟರ್ ನೆಲ ಮುಳುಗಿತು. ಆರು ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಏರಿಯ ಮೇಲೆ ಹಗಲಿರುಳು ಮರಳಿನ ಚೀಲ ಹೊತ್ತವರು ಕಪ್ಪು ಜನಾಂಗದ ಕೂಲಿಗಳು. ಒಡೆದ ಮೇಲೆ ಗ್ರೀನ್‌ವಿಲ್‌ನಲ್ಲಿ ಸಾವಿರಾರು ಮಂದಿ ಉಳಿದ ಏರಿಯ ಮೇಲೆಯೇ ಗುಡಾರಗಳಲ್ಲಿ ವಾರಗಟ್ಟಲೆ ಬಿದ್ದಿದ್ದರು. ಅವರು ದೋಣಿ ಹತ್ತಿ ಹೋದರೆ ಹತ್ತಿ ಹೊಲಕ್ಕೆ ಮತ್ತೆ ಆಳು ಸಿಗುವುದಿಲ್ಲ ಎಂದು ಜಮೀನ್ದಾರರು ಅವರನ್ನು ಹೋಗಗೊಡಲಿಲ್ಲ. ಈ ಒಂದು ಸಂಗತಿ ತಿಳಿದ ಮೇಲೆ ಹಾಡು ನನ್ನ ಪಾಲಿಗೆ ಮೊದಲಿನಂತೆ ಉಳಿಯಲಿಲ್ಲ.

ಎರಡು ವರ್ಷಗಳ ಬಳಿಕ, 1929ರ ಜೂನ್‌ನಲ್ಲಿ, ಕ್ಯಾನ್ಸಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ ಎಂಬ ಬ್ಲೂಸ್ ಕಲಾವಿದರು ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಕಂಪನಿಗಾಗಿ ಇದನ್ನು ಧ್ವನಿಮುದ್ರಿಸಿದರು. ಇರುವುದು ಎರಡು ಗಿಟಾರ್, ಒಂದು ಕಂಠ, ಮೂರು ನಿಮಿಷದ ಆಸುಪಾಸು. ಹಾಡುವವನು ಜೋ. ಆದರೆ ಕಿವಿ ಹಿಡಿದು ಕೂರಿಸುವುದು ಮಿನ್ನಿಯ ಬೆರಳು. ಅವಳ ಗಿಟಾರ್ ಹಗುರವಾಗಿ, ಚುರುಕಾಗಿ ಓಡುತ್ತದೆ. ಜೋ ಸಾಲು ಮುಗಿಸಿ ಉಸಿರೆಳೆದುಕೊಳ್ಳುವ ಜಾಗದಲ್ಲೆಲ್ಲ ಅದು ಒಂದು ಮಾತು ಸೇರಿಸಿ ಮುಂದೆ ಹೋಗುತ್ತದೆ. ಜೋ ಅಳುವುದಿಲ್ಲ, ಕೂಗುವುದಿಲ್ಲ. ಮಳೆ ಹೀಗೇ ಸುರಿದರೆ ಏರಿ ಒಡೆಯುತ್ತದೆ, ಆಗ ನನಗೆ ಇರಲು ಜಾಗವಿಲ್ಲ ಎಂಬುದನ್ನು, ಊರಿಗೆ ಊರೇ ಬಲ್ಲ ಸುದ್ದಿಯನ್ನು ಮತ್ತೊಬ್ಬರಿಗೆ ಹೇಳುವಂತೆ ಹೇಳುತ್ತಾನೆ.

ಈಗ ಇಂಗ್ಲೆಂಡಿಗೆ ಬನ್ನಿ. ಹ್ಯಾಂಪ್‌ಶೈರಿನಲ್ಲಿ ಹೆಡ್ಲಿ ಗ್ರೇಂಜ್ ಎಂಬ ಮೂರು ಅಂತಸ್ತಿನ ಕಲ್ಲಿನ ಮನೆಯಿದೆ. 1795ರಲ್ಲಿ ನಿರ್ಗತಿಕರಿಗಾಗಿ ಕಟ್ಟಿಸಿದ ಆಶ್ರಯದ ಮನೆಯದು. ಝೆಪೆಲಿನ್ ತಂಡ ಇದೇ ಹಾಡನ್ನು ಲಂಡನ್ನಿನ ಸ್ಟುಡಿಯೋದಲ್ಲಿ ಒಮ್ಮೆ ಪ್ರಯತ್ನಿಸಿ ಸಮಾಧಾನವಾಗದೆ ಇಲ್ಲಿಗೆ ಬಂದಿತ್ತು. ಜಾನ್ ಬೋನಮ್‌ನ ಡ್ರಮ್‌ಗಳನ್ನು ಮೆಟ್ಟಿಲುಗಳ ಬುಡದ ಹಜಾರದಲ್ಲಿಟ್ಟರು. ಧ್ವನಿ ತಂತ್ರಜ್ಞ ಆ್ಯಂಡಿ ಜಾನ್ಸ್ ಎರಡೇ ಎರಡು ಮೈಕ್‌ಗಳನ್ನು ಮೇಲೆ, ಮೆಟ್ಟಿಲ ಸಾಲಿನ ಎತ್ತರದಲ್ಲಿ ತೂಗುಬಿಟ್ಟ. ಡ್ರಮ್ಮಿನ ಹತ್ತಿರ ಒಂದೂ ಇಲ್ಲ. ಹಾಗಾಗಿ ನಾವು ಕೇಳುವುದು ಚರ್ಮದ ಮೇಲೆ ಬಿದ್ದ ಏಟನ್ನಲ್ಲ. ಆ ಏಟು ಗೋಡೆಗೆ ಬಡಿದು, ಮೆಟ್ಟಿಲು ಹತ್ತಿ ಮೇಲೆ ಬಂದದ್ದನ್ನು. ಅದಕ್ಕೆ ಬಿನ್ಸನ್ ಎಂಬ ಇಟಲಿಯ ಪ್ರತಿಧ್ವನಿ ಯಂತ್ರವನ್ನೂ ಜೋಡಿಸಿದರು. ದೊಡ್ಡ ಡ್ರಮ್ಮಿನ ಏಟು ಬೀಳುತ್ತದೆ, ಅದರ ಬೆನ್ನಿಗೇ ಅದರದೇ ನೆರಳು ಬೀಳುತ್ತದೆ, ಆಮೇಲೆ ಸ್ನೇರ್ ಡ್ರಮ್ ಸಿಡಿಯುತ್ತದೆ.

ಮೊದಲ ಕೆಲವು ಸೆಕೆಂಡು ಈ ಡ್ರಮ್ ಬಿಟ್ಟರೆ ಮತ್ತೇನೂ ಇಲ್ಲ. ನಾನು ಇದನ್ನು ಮೊದಲ ಸಲ ಕೇಳಿದ್ದು ಒಂದು ರಾತ್ರಿ, ಇಯರ್‌ಫೋನ್ ಹಾಕಿಕೊಂಡು, ಕತ್ತಲಲ್ಲಿ ಮಲಗಿ. ಆ ಎಂಟು ಹತ್ತು ಏಟುಗಳಿಗೆ ಎದ್ದು ಕುಳಿತೆ. ಲಯ ತೀರಾ ವಿಳಂಬದಲ್ಲಿದೆ, ಆದರೆ ಒಂದು ಏಟೂ ಜೋಲುವುದಿಲ್ಲ. ವಾದ್ಯಗಳನ್ನು ಧ್ವನಿಮುದ್ರಿಸಿಕೊಂಡ ಮೇಲೆ ಟೇಪಿನ ವೇಗ ತಗ್ಗಿಸಿದ್ದರಿಂದ ಶ್ರುತಿಯೂ ಇಳಿದಿದೆ. ಗಿಟಾರ್ ಕೆಸರಿನಲ್ಲಿ ಕಾಲೆಳೆದುಕೊಂಡು ಬರುವಂತೆ ಬರುತ್ತದೆ. ತಂಡದ ಗಾಯಕ ರಾಬರ್ಟ್ ಪ್ಲಾಂಟ್ ನುಡಿಸುವ ಮೌತ್ ಆರ್ಗನ್ನಿನ ಪ್ರತಿಧ್ವನಿಯನ್ನು ಹಿಂದುಮುಂದಾಗಿ ಸೇರಿಸಿದ್ದಾರೆ. ಸ್ವರಕ್ಕಿಂತ ಮೊದಲೇ ಅದರ ಮರುದನಿ ಕೇಳಿಸುತ್ತದೆ. ನೀರು ಕಣ್ಣಿಗೆ ಬೀಳುವ ಮೊದಲೇ ಅದರ ಮೊರೆತ ಕಿವಿಗೆ ಬಿದ್ದ ಹಾಗೆ. ಏಳು ನಿಮಿಷಗಳ ಕೊನೆಯಲ್ಲಿ ವಾದ್ಯಗಳೆಲ್ಲ ಒಂದರೊಳಗೊಂದು ಸುತ್ತತೊಡಗುತ್ತವೆ. ಸುಳಿಯ ನಡುವೆ ಗಾಯಕನ ಧ್ವನಿ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಬ್ಲೂಸ್ ಹಾಡನ್ನು ರಾಕ್ ತಂಡಗಳು ಎತ್ತಿಕೊಂಡಾಗ ಬಹಳಷ್ಟು ಸಲ ಆಗುವುದು ಇಷ್ಟೇ: ಸದ್ದು ಹೆಚ್ಚುತ್ತದೆ, ಗಿಟಾರ್ ವಾದನ ಉದ್ದವಾಗುತ್ತದೆ, ಹಾಡು ಎಲ್ಲಿತ್ತೋ ಅಲ್ಲೇ ಇರುತ್ತದೆ. ಇಲ್ಲಿ ಹಾಗಾಗಿಲ್ಲ. ಜೋ ಮತ್ತು ಮಿನ್ನಿಯ ಹಾಡಿನಲ್ಲಿ ಮಾತನಾಡುವುದು ಏರಿಯ ಮೇಲೆ ಕುಳಿತ ಮನುಷ್ಯ. ಝೆಪೆಲಿನ್ ಹಾಡಿನಲ್ಲಿ ನದಿಯೇ ಬಾಯಿ ತೆರೆಯುತ್ತದೆ. ನನಗೆ ಇದು ಇಷ್ಟೊಂದು ಪ್ರಿಯವಾಗಲು ಅದೇ ಕಾರಣ.

ಆದರೆ ಕಳೆದುಹೋದದ್ದೂ ಇದೆ, ಅದು ಸಣ್ಣದಲ್ಲ. ಮೂಲದಲ್ಲಿ ಜೋ ತಾನು ಹಗಲೂ ರಾತ್ರಿಯೂ ಏರಿಯ ಮೇಲೆ ದುಡಿಯುತ್ತೇನೆ, ನೀರು ತಡೆಯಲು ತನಗೆ ಯಾರೂ ಇಲ್ಲ ಎಂದು ಹಾಡುತ್ತಾನೆ. ಆ ಸಾಲು ಝೆಪೆಲಿನ್ ಹಾಡಿನಲ್ಲಿ ಇಲ್ಲ. ಊರಿನವರ ಹತ್ತಿಯನ್ನು ಕಾಯಲು ಚೀಲ ಹೊತ್ತವನ ಮನೆಯನ್ನು ಕಾಯುವವರು ಯಾರೂ ಇರಲಿಲ್ಲ ಎಂಬ ಇಡೀ ಕಥೆ ಆ ಒಂದು ಸಾಲಿನಲ್ಲಿತ್ತು. ಅದನ್ನು ಬಿಡಬಾರದಿತ್ತು ಎಂದು ಪ್ರತಿ ಸಲ ಕೇಳುವಾಗಲೂ ಅನ್ನಿಸುತ್ತದೆ. ಬದಲಿಗೆ ಅವರು ಷಿಕಾಗೋಗೆ ಹೊರಟೆ, ನಿನ್ನನ್ನು ಕರೆದೊಯ್ಯಲಾರೆ ಎಂಬ ಮಾತು ಸೇರಿಸಿದ್ದಾರೆ. ಅದು ಸುಳ್ಳಲ್ಲ. ಪ್ರವಾಹದ ನಂತರ ಎಷ್ಟೋ ಕಪ್ಪು ಕುಟುಂಬಗಳು ಉತ್ತರದ ಆ ನಗರಕ್ಕೇ ಗುಳೆ ಹೋದವು. ಮಿನ್ನಿ ಮತ್ತು ಜೋ ಕೂಡ ಮುಂದೆ ಅಲ್ಲಿಗೇ ಹೋಗಿ ನೆಲೆಸಿದರು.

ಆಲ್ಬಮ್ಮಿನಲ್ಲಿ ತಂಡದ ನಾಲ್ವರ ಹೆಸರಿನ ಜೊತೆ ಮೆಂಫಿಸ್ ಮಿನ್ನಿಯ ಹೆಸರನ್ನೂ ಮುದ್ರಿಸಿದರು. ಬೇರೆ ಕೆಲವು ಬ್ಲೂಸ್ ಹಾಡುಗಳನ್ನು ಎತ್ತಿಕೊಂಡಾಗ ಈ ತಂಡ ಮೂಲದವರ ಹೆಸರನ್ನೇ ಹಾಕದೆ ಬಿಟ್ಟದ್ದಕ್ಕೆ ಹೋಲಿಸಿದರೆ ಇದು ಒಳ್ಳೆಯದೇ, ಆದರೆ ಹಾಡಿದ ಜೋನ ಹೆಸರು ಅಲ್ಲಿಲ್ಲ. ಆ ಹೊತ್ತಿಗೆ ಮಿನ್ನಿ ಲಕ್ವ ಹೊಡೆದು ಮೆಂಫಿಸ್‌ನ ಆರೈಕೆ ಮನೆಯೊಂದರಲ್ಲಿದ್ದಳು. 1973ರಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 1996ರಲ್ಲಿ, ಗಾಯಕಿ ಬಾನಿ ರೇಟ್ ಕೊಟ್ಟ ಹಣದಿಂದ.

ಹಾಗಾಗಿ ಯಾವುದು ಮೇಲು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೆಚ್ಚು ಸಲ ನಾನು ಕೇಳುವುದು ಝೆಪೆಲಿನ್, ಆದರೆ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಮಿನ್ನಿ ಮತ್ತು ಜೋ ಹಾಡಿದ್ದನ್ನು ಉಳಿಸಿಕೊಳ್ಳುತ್ತೇನೆ. ನೀವು ಎರಡನ್ನೂ ಕೇಳಿಲ್ಲವಾದರೆ 1929ರದ್ದರಿಂದ ಶುರು ಮಾಡಿ. ಹಳೆಯ ಗ್ರಾಮಫೋನ್ ತಟ್ಟೆಯ ಗರಗರ ಸದ್ದಿಗೆ ಕಿವಿ ಹೊಂದಿಕೊಳ್ಳಲು ಅರ್ಧ ನಿಮಿಷ ಬೇಕು. ಅಷ್ಟಾದ ಮೇಲೆ ಜೋನ ಮಾತನ್ನು ಪಕ್ಕಕ್ಕಿಟ್ಟು, ಸಾಲು ಸಾಲಿನ ನಡುವೆ ಮಿನ್ನಿಯ ಗಿಟಾರ್ ಏನು ಹೇಳುತ್ತಿದೆ ಎಂದು ಗಮನಿಸಿ.