‘ಬಿಸಿಲು ಗೆದ್ದ ಕುರಿ’ ಲೇಖನ ಕಳಿಸಿದವರಿಗೆ

ನಮಸ್ಕಾರ.

ಡೆಕ್ಕನಿ ಕುರಿ ಬಿಸಿಲು ತಾಳುವ ಬಗೆಯನ್ನು ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಹಾಕಲಾಗದು. ಭಾಷೆಗೆ ಓಟವಿದೆ, ವಿಷಯವೂ ನಮ್ಮ ಓದುಗರಿಗೆ ಬೇಕಾದದ್ದೇ. ಎಡವಿರುವುದು ತರ್ಕದಲ್ಲಿ.

“ಬಯಲುಸೀಮೆಗೆ ಹೊಂದಿಕೊಳ್ಳಲು ಕುರಿ ತನ್ನ ಜೀನ್ ಬದಲಿಸಿಕೊಂಡಿತು” ಎಂದು ಬರೆದಿದ್ದೀರಿ. ಕುರಿ ಹಾಗೆ ಏನನ್ನೂ ಬದಲಿಸಿಕೊಳ್ಳುವುದಿಲ್ಲ. ಮಂದೆಯಲ್ಲಿ ಮೊದಲೇ ವ್ಯತ್ಯಾಸಗಳಿರುತ್ತವೆ. ಬರ ಬಂದಾಗ ಯಾವುವು ಉಳಿದು ಮರಿ ಹಾಕಿದವೋ ಅವುಗಳ ಜೀನ್ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. ಯಾವ ಟಗರನ್ನು ಬೀಜಕ್ಕೆ ಉಳಿಸಬೇಕು, ಯಾವುದನ್ನು ಸಂತೆಗೆ ಹೊಡೆಯಬೇಕು ಎಂದು ಕುರಿಗಾರ ಆರಿಸುವುದೂ ಇದರಲ್ಲಿ ಸೇರಿದೆ. ನಿಮ್ಮ ಲೇಖನದಲ್ಲಿ ಕುರಿಗಾರನ ಸುಳಿವೇ ಇಲ್ಲ.

ದೊಡ್ಡ ತೊಡಕು ನಡುವಿನ ಭಾಗದ್ದು. ಡೆಕ್ಕನಿ ಮತ್ತು ಮೆರಿನೊ ತಳಿಗಳ ಡಿಎನ್ಎ ಹೋಲಿಸಿ, ಎಫ್ಎಸ್‌ಟಿ (ಎರಡು ಗುಂಪುಗಳ ನಡುವಿನ ಜೀನ್ ವ್ಯತ್ಯಾಸದ ಅಳತೆ) ಅತಿ ಹೆಚ್ಚಿರುವ ಜಾಗವನ್ನೇ ‘ಬಿಸಿಲಿನ ಜೀನ್’ ಎಂದುಬಿಟ್ಟಿದ್ದೀರಿ. ಎಫ್ಎಸ್‌ಟಿ ಹೇಳುವುದು ಎರಡು ಗುಂಪುಗಳು ಎಷ್ಟು ಬೇರೆ ಎಂಬುದನ್ನು ಮಾತ್ರ. ಏಕೆ ಬೇರೆ ಎಂಬುದನ್ನಲ್ಲ. ಮೆರಿನೊವನ್ನು ಶತಮಾನಗಳಿಂದ ನಯವಾದ ಉಣ್ಣೆಗಾಗಿ ಆರಿಸುತ್ತ ಬಂದಿದ್ದಾರೆ. ನಿಮಗೆ ಸಿಕ್ಕಿದ್ದು ಉಣ್ಣೆಯ ಜೀನ್ ಆಗಿರಬಹುದು, ಕೋಡಿನದೂ ಆಗಿರಬಹುದು. 2012ರಲ್ಲಿ ಜಗತ್ತಿನ 74 ತಳಿಗಳ 2,819 ಕುರಿಗಳನ್ನು ಹೋಲಿಸಿದಾಗ ಆಯ್ಕೆಯ ಸುಳಿವು ಎಲ್ಲಕ್ಕಿಂತ ಬಲವಾಗಿ ಕಂಡದ್ದು ಕೋಡಿಗೆ ಸಂಬಂಧಿಸಿದ ಆರ್‌ಎಕ್ಸ್‌ಎಫ್‌ಪಿ2 ಜೀನ್ ಬಳಿ. ಹವಾಮಾನಕ್ಕೂ ಅದಕ್ಕೂ ನಂಟು ಹಚ್ಚುವಂತಿರಲಿಲ್ಲ. ಅಲ್ಲದೆ ಡಿಎನ್ಎಯ 50,000 ಗುರುತುಗಳನ್ನು (ಹೋಲಿಸುವ ಜಾಗಗಳನ್ನು) 0.05ರ ಮಟ್ಟದಲ್ಲಿ, ಅಂದರೆ ನೂರಕ್ಕೆ ಐದು ಆಕಸ್ಮಿಕ ತಪ್ಪಿಗೆ ಎಡೆಕೊಟ್ಟು, ಪರೀಕ್ಷಿಸಿದರೆ ಬರೀ ಆಕಸ್ಮಿಕವಾಗಿಯೇ ಸುಮಾರು 2,500 ‘ಮಹತ್ವದ’ ಗುರುತುಗಳು ಏಳುತ್ತವೆ. ಮಿತಿಯನ್ನು ಹತ್ತು ಲಕ್ಷಕ್ಕೆ ಒಂದರ ಮಟ್ಟಕ್ಕೆ ಬಿಗಿ ಮಾಡಬೇಕು.

ಮಾದರಿಯಲ್ಲೂ ಲೋಪವಿದೆ. ನೀವು ಆಧಾರವಾಗಿಟ್ಟುಕೊಂಡ ಹತ್ತು ಡೆಕ್ಕನಿಗಳೂ ಒಂದೇ ಹಟ್ಟಿಯವು. ಇಡೀ ಮಂದೆಗೆ ಒಂದೋ ಎರಡೋ ಟಗರು ಇರುವಲ್ಲಿ ಆ ಹತ್ತರಲ್ಲಿ ಹೆಚ್ಚಿನವು ಒಂದೇ ತಂದೆಯ ಮಕ್ಕಳಾಗಿರುವ ಸಾಧ್ಯತೆ ಇದೆ. ಅಂಥದ್ದರಲ್ಲಿ ಕಾಣುವುದು ತಳಿಯ ಗುಣವಲ್ಲ, ಆ ಟಗರಿನ ಗುಣ. ಒಂದು ಹಟ್ಟಿಯಿಂದ ಒಂದೆರಡು ಕುರಿ ಸಾಕು, ಹಟ್ಟಿಗಳು ಹೆಚ್ಚಿರಲಿ. ಮೆರಿನೊ ಬಿಟ್ಟು, ಮಳೆ ಹೆಚ್ಚು ಬೀಳುವ ಕಡೆಯ ಡೆಕ್ಕನಿಯನ್ನು ಕಡಿಮೆ ಬೀಳುವ ಕಡೆಯ ಡೆಕ್ಕನಿಯೊಂದಿಗೆ ಹೋಲಿಸಿದ ಅಧ್ಯಯನ ಹುಡುಕಿ.

ಎಚ್‌ಎಸ್‌ಪಿ70 (ಬಿಸಿ ತಾಗಿದಾಗ ಜೀವಕೋಶವನ್ನು ಕಾಯುವ ಪ್ರೋಟೀನು) ಬಗ್ಗೆ: ಬಿಸಿಲಿನಲ್ಲಿ ಅದರ ಉತ್ಪಾದನೆ ಏರುವುದು ಮೆರಿನೊದಲ್ಲೂ ಉಂಟು. ಅದು ದೇಹದ ತಕ್ಷಣದ ಪ್ರತಿಕ್ರಿಯೆ, ಪೀಳಿಗೆಗಳ ಹೊಂದಾಣಿಕೆಗೆ ಪುರಾವೆಯಲ್ಲ. ತಾಳಿಕೆಯ ಮಾತಾಡಲು ಅದೇ ಕುರಿಯ ಗುದದ ಉಷ್ಣತೆ ಮತ್ತು ಉಸಿರಾಟದ ವೇಗವನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ಅಳೆದಿರಬೇಕು. ಮೇಯ್ದು ನಡೆದು ಬಂದ ಕೂಡಲೇ ಅಳೆದರೆ ಅಂಕಿ ಹೆಚ್ಚೇ ಬರುತ್ತದೆ. ಉಣ್ಣೆ ಕತ್ತರಿಸಿ ಎಷ್ಟು ದಿನವಾಯಿತು ಎಂಬುದೂ ಬೇಕು.

ಟಿಬೆಟ್‌ಗೆ ನೀವು ಕೊಟ್ಟಿರುವುದು ಒಂದೇ ಸಾಲು. ಅಲ್ಲಿ ಎತ್ತರ ಹೆಚ್ಚು, ಗಾಳಿಯಲ್ಲಿ ಆಮ್ಲಜನಕ ಕಡಿಮೆ. ನಮ್ಮ ಲೆಕ್ಕದಲ್ಲಿ ಲೇಖನದ ಜೀವ ಅಲ್ಲಿದೆ. ಕುರಿಯ ಹಿಮೋಗ್ಲೋಬಿನ್‌ನಲ್ಲಿ (ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನು) ಎ ಮತ್ತು ಬಿ ಎಂಬ ಎರಡು ಬಗೆ. ಎ ಬಗೆ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಎ ಇರುವ ಕುರಿ ರಕ್ತಹೀನವಾದರೆ, ಉದಾಹರಣೆಗೆ ಜಠರದ ರಕ್ತ ಹೀರುವ ಜಂತು ಹೆಚ್ಚಾದಾಗ, ಸಿ ಎಂಬ ಮೂರನೆಯ ಬಗೆಯನ್ನು ತಯಾರಿಸತೊಡಗುತ್ತದೆ. ಬಿ ಮಾತ್ರ ಇರುವ ಕುರಿಗೆ ಅದು ಸಾಧ್ಯವಿಲ್ಲ, ಆ ಜೀನೇ ಅದರಲ್ಲಿಲ್ಲ. ಟಿಬೆಟ್ ಕುರಿಯ ಹಿಮೋಗ್ಲೋಬಿನ್ ಜೀನ್ ಭಾಗಕ್ಕೆ ಅರ್ಗಾಲಿ ಎಂಬ ಕಾಡುಕುರಿಯ ಡಿಎನ್ಎ ಬೆರಕೆಯಿಂದ ಬಂದು ಸೇರಿದೆ ಎಂಬುದಕ್ಕೂ ಆಧಾರವಿದೆ. ಟಿಬೆಟಿನ ಮನುಷ್ಯರಿಗೆ ಇಪಿಎಎಸ್1 ಜೀನಿನ (ಆಮ್ಲಜನಕ ಕಡಿಮೆಯಾದಾಗ ದೇಹದ ಪ್ರತಿಕ್ರಿಯೆಯನ್ನು ನಿಯಂತ್ರಿಸುವ ಜೀನ್) ಒಂದು ರೂಪ ಡೆನಿಸೋವನ್ನರೆಂಬ, ಈಗ ಅಳಿದುಹೋದ ಪ್ರಾಚೀನ ಮಾನವರಿಂದ ಬಂದದ್ದನ್ನು ಇದರ ಪಕ್ಕ ಇಟ್ಟರೆ ಓದುಗರು ಕಣ್ಣರಳಿಸುತ್ತಾರೆ. ಇಲ್ಲಿ ಕಾರಣ, ಪ್ರೋಟೀನು, ಪರಿಣಾಮ ಮೂರೂ ಕೈಗೆ ಸಿಗುತ್ತವೆ. ನಿಮ್ಮ ಬಿಸಿಲಿನ ಜೀನ್‌ಗೆ ಇದರಲ್ಲಿ ಒಂದೂ ಇಲ್ಲ.

ಬಂಗಾಳದ ಗರೋಲ್ ಕುರಿಯ ಅವಳಿ ಮರಿಯ ಪ್ಯಾರಾ ಕೈಬಿಡಿ. ಆ ಜೀನ್ ಅಂಡಾಣುಗಳ ಸಂಖ್ಯೆಗೆ ಸಂಬಂಧಿಸಿದ್ದು, ಬಿಸಿಲಿಗಲ್ಲ.

ಟಿಬೆಟ್‌ನಿಂದ ಶುರು ಮಾಡಿ, ಡೆಕ್ಕನಿಯನ್ನು ಇನ್ನೂ ಉತ್ತರ ಸಿಗದ ಪ್ರಶ್ನೆಯಾಗಿ ಇಟ್ಟು, 800 ಪದಗಳಲ್ಲಿ ಮತ್ತೆ ಕಳಿಸಿ.