ಶೇವಿಂಗ್ ನಂತರದ ಉರಿಗೆ ಏನು ಹಚ್ಚಬೇಕು?

ಪ್ರಶ್ನೆ: ನಾನು ಕಾರವಾರದವನು. ಕೆಲಸಕ್ಕಾಗಿ ದಿನಾಲೂ ಬೈಕಿನಲ್ಲಿ ಅಂಕೋಲೆಗೆ ಹೋಗಿಬರುತ್ತೇನೆ. ಗಡ್ಡ ಬೋಳಿಸಿ ಆಫ್ಟರ್‌ಶೇವ್ ಹಚ್ಚಿದರೆ ವಿಪರೀತ ಉರಿಯಾಗುತ್ತದೆ. ಮಧ್ಯಾಹ್ನದೊಳಗೆ ಗದ್ದದ ಕೆಳಗೆ ಕೆಂಪು ಗುಳ್ಳೆಗಳೇಳುತ್ತವೆ. ಪಟಿಕ ಉಜ್ಜಿದರೆ ಚರ್ಮ ಬಿಗಿಯುತ್ತದೆ. ಮನೆಯಲ್ಲಿ ನಿಂಬೆರಸ ಹಚ್ಚಲು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಉರಿದಷ್ಟೂ ಒಳ್ಳೆಯದೆಂದು ನಂಬಿರುವವರು ಬಹಳ ಮಂದಿ ಇದ್ದಾರೆ. ಶಾಖವನ್ನು ಗುರುತಿಸುವ ನರತುದಿಗಳು ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆರಳುತ್ತವೆಯಾದರೂ, ರೇಜರ್ ಹೆರೆದ ಚರ್ಮಕ್ಕೆ ಆಲ್ಕೋಹಾಲ್ ತಾಗಿದಾಗ ಸುಮಾರು 34 ಡಿಗ್ರಿಗೇ, ಎಂದರೆ ಚರ್ಮದ ಸಹಜ ಬಿಸಿಗೇ, ಕೆರಳಿಬಿಡುತ್ತವೆ. ನಿಮ್ಮ ಉರಿಯ ಮೂಲ ಬಹುಮಟ್ಟಿಗೆ ಇದೇ.

ಆದ್ದರಿಂದ ನೀರಿನಂತಿರುವ ಲೋಷನ್ ಬಿಟ್ಟು, ಆಲ್ಕೋಹಾಲ್ ಇಲ್ಲದ ಬಾಮ್ ಅಥವಾ ಜೆಲ್ ಆರಿಸಿಕೊಳ್ಳಿ. ಬಾಟಲಿಯ ಹಿಂಬದಿಯ ಸಣ್ಣಕ್ಷರಗಳನ್ನು ತಪ್ಪದೆ ಓದಿ. ಘಟಕಗಳನ್ನು ಸಾಮಾನ್ಯವಾಗಿ ಹೆಚ್ಚು ಪ್ರಮಾಣದಿಂದ ಕಡಿಮೆಯ ಕ್ರಮದಲ್ಲಿ ಮುದ್ರಿಸುವುದರಿಂದ, ಮೊದಲ ಎರಡು ಮೂರು ಹೆಸರುಗಳಲ್ಲೇ ‘ಆಲ್ಕೋಹಾಲ್ ಡಿನ್ಯಾಟ್’ (ಕುಡಿಯಲಾಗದಂತೆ ಮಾಡಿದ, ಉರಿಸುವ ಆಲ್ಕೋಹಾಲ್) ಕಂಡರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ‘ಸಿಟೈಲ್ ಆಲ್ಕೋಹಾಲ್’ ಎಂದಿದ್ದರೆ ಮಾತ್ರ ಹೆದರಬೇಕಿಲ್ಲ. ಅದು ಮೇಣದಂತಹ ವಸ್ತು, ಚರ್ಮವನ್ನು ಮೃದುವಾಗಿಡುತ್ತದೆ. ಮೆಂಥಾಲ್‌ನ ತಂಪು ಮತ್ತು ಸುಗಂಧ ಎರಡೂ ಸೂಕ್ಷ್ಮ ಚರ್ಮಕ್ಕೆ ಆಗಿಬರುವುದಿಲ್ಲ. ‘ಅನ್‌ಸೆಂಟೆಡ್’ ಎಂದು ಬರೆದದ್ದರಲ್ಲಿಯೂ ಬೇರೆ ವಾಸನೆಯನ್ನು ಮುಚ್ಚಲು ಸುಗಂಧ ಬೆರೆಸಿರಬಹುದಾದ್ದರಿಂದ ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನೇ ಕೇಳಿ. ಚರ್ಮದ ತೇವ ಉಳಿಸಿ ಹಿತ ನೀಡುವ ಗ್ಲಿಸರಿನ್, ಪ್ಯಾಂಥೆನಾಲ್, ಅಲಾಂಟೊಯಿನ್ ಇರುವುದು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ, ‘ಪುರುಷರಿಗಾಗಿ’ ಎಂಬ ಹಣೆಪಟ್ಟಿಗೆ ಹೆಚ್ಚು ಹಣ ಕೊಡುವ ಬದಲು ಸುಗಂಧವಿಲ್ಲದ ಸಾದಾ ಮಾಯಿಶ್ಚರೈಸರ್ ಕೊಂಡರೂ ಸಾಕು.

ಕರಾವಳಿಯ ಸೆಕೆಯಲ್ಲಿ ದಪ್ಪ ಲೇಪ ಬೇಡ. ಒಡೆದ ಹಿಮ್ಮಡಿಗೆ ಹಿತವಾದ ಮುರುಗಲ ತುಪ್ಪವನ್ನು (ಕೋಕಂ ಬೀಜದ ಕೊಬ್ಬನ್ನು) ಬೆವರುವ ಮುಖಕ್ಕೆ ಮೆತ್ತಿಕೊಳ್ಳಬೇಡಿ. ಗುಳ್ಳೆಗಳು ಗದ್ದದ ಕೆಳಗೇ ಏಳುತ್ತಿರುವುದರಿಂದ ಹೆಲ್ಮೆಟ್ಟಿನ ಪಟ್ಟಿಯ ಮೇಲೂ ನನಗೆ ಅನುಮಾನವಿದೆ. ಬೆವರು ಹೀರಿದ ಆ ಪಟ್ಟಿ ಆಗಷ್ಟೇ ಬೋಳಿಸಿದ ಜಾಗವನ್ನು ದಾರಿಯುದ್ದಕ್ಕೂ ಉಜ್ಜುತ್ತದೆ. ಅದನ್ನು ಆಗಾಗ ತೊಳೆದು ಒಣಗಿಸಿ, ಸಾಧ್ಯವಾದರೆ ರಾತ್ರಿಯೇ ಶೇವ್ ಮಾಡಿಕೊಳ್ಳಿ. ರೇಜರನ್ನು ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ.

ನಿಂಬೆರಸ ಖಂಡಿತ ಬೇಡ. ಅದರಲ್ಲಿರುವ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳು ಬಿಸಿಲಿನೊಡನೆ ಸೇರಿದರೆ ಚರ್ಮ ಸುಟ್ಟಂತಾಗಿ, ವಾರಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಪಟಿಕ ರಕ್ತ ನಿಲ್ಲಿಸುತ್ತದೆ. ಗಾಯವಾದ ಕಡೆಗಷ್ಟೇ ಮುಟ್ಟಿಸಿ ತೊಳೆದುಬಿಡಿ.

ಹೊಸದೇನನ್ನೇ ಕೊಂಡರೂ ಒಂದು ವಾರ ಮೊಣಕೈಯ ಒಳಭಾಗಕ್ಕೆ ದಿನಕ್ಕೆರಡು ಬಾರಿ ಹಚ್ಚಿ ನೋಡಿ, ತುರಿಕೆಯಾಗದಿದ್ದರೆ ಮುಖಕ್ಕೆ ಬಳಸಿ. ಗುಳ್ಳೆಗಳಲ್ಲಿ ಕೀವು ತುಂಬಿದರೆ ಚರ್ಮವೈದ್ಯರಿಗೆ ತೋರಿಸಬೇಕೇ ಹೊರತು, ಔಷಧದಂಗಡಿಯಲ್ಲಿ ಕೇಳಿ ಸ್ಟಿರಾಯ್ಡ್ ಬೆರೆತ ಕ್ರೀಮ್ ತಂದು ಹಚ್ಚಿಕೊಳ್ಳಬಾರದು.