ಸೈನ್ಯಕ್ಕೆ ಸೇರದವರಿಗೆ ಕ್ಷಮಾದಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರ: ವಿಯೆಟ್ನಾಂ ಯುದ್ಧಕಾಲದಲ್ಲಿ ಕಡ್ಡಾಯ ಸೇನಾ ಭರ್ತಿಯ ಕಾಯ್ದೆ ಮುರಿದು ಶಿಕ್ಷೆಯಾದ ಅಮೆರಿಕನ್ನರನ್ನು ಕ್ಷಮಿಸಿದ್ದು ಅಧ್ಯಕ್ಷ ಫೋರ್ಡೋ, ಅವರ ನಂತರ ಬಂದ ಕಾರ್ಟರೋ? (ಶಿವಮೊಗ್ಗ)

ಉ: ಇಬ್ಬರೂ. ಆದರೆ ಫೋರ್ಡ್ ಕೊಟ್ಟದ್ದಕ್ಕೆ ಷರತ್ತಿತ್ತು. 1974ರ ಸೆಪ್ಟೆಂಬರ್ 16ರ ಅವರ ಘೋಷಣೆಯಂತೆ, ಶಿಕ್ಷೆಯಾದವರು ಚಾರ್ಲ್ಸ್ ಗುಡೆಲ್ ಅಧ್ಯಕ್ಷತೆಯ ಮಂಡಳಿಗೆ ಅರ್ಜಿ ಹಾಕಬೇಕಿತ್ತು. ಮಂಡಳಿ ಹೇಳಿದಷ್ಟು ತಿಂಗಳು ಆಸ್ಪತ್ರೆಯಂಥ ಕಡೆ ಕಡಿಮೆ ಸಂಬಳಕ್ಕೆ ದುಡಿದರೆ ಕ್ಷಮೆ. ಲೆಕ್ಕ ಶುರುವಾಗುತ್ತಿದ್ದುದು 24 ತಿಂಗಳಿಂದ. ಜೈಲಿನಲ್ಲಿ ಕಳೆದ ಅವಧಿಯ ಮೂರು ಪಟ್ಟನ್ನು ಅದರಲ್ಲಿ ಕಳೆಯುತ್ತಿದ್ದರು. ಜೈಲಿನ ಹೊರಗೆ ನಿಗಾದಲ್ಲಿದ್ದ (ಪ್ರೊಬೇಷನ್, ಪೆರೋಲ್) ಅವಧಿಯನ್ನು ಇದ್ದಷ್ಟೇ ಕಳೆಯುತ್ತಿದ್ದರು. ಆರು ತಿಂಗಳು ಜೈಲು, ಎರಡು ತಿಂಗಳು ಪೆರೋಲ್ ಆಗಿದ್ದವನಿಗೆ 24ರಲ್ಲಿ 18 ಹೋಗಿ, ಮತ್ತೆ 2 ಹೋಗಿ, ಉಳಿದದ್ದು ನಾಲ್ಕು. ಎಷ್ಟೇ ಕಳೆದರೂ ಮೊದಲ ಲೆಕ್ಕ ಮೂರು ತಿಂಗಳಿಗಿಂತ ಕೆಳಗಿಳಿಯುತ್ತಿರಲಿಲ್ಲ. ಆಮೇಲೆ ಒಬ್ಬೊಬ್ಬರ ಪರಿಸ್ಥಿತಿ ನೋಡಿ ಹೆಚ್ಚುಕಡಿಮೆ ಮಾಡುತ್ತಿದ್ದರು.

ಯೋಜನೆ ಸೊರಗಿದ್ದು ಪ್ರಚಾರವಿಲ್ಲದೆ. ಇದು ಕೆನಡಾಕ್ಕೆ ಓಡಿಹೋದವರಿಗೆ ಮಾತ್ರ ಅಂತ ಜೈಲು ಮುಗಿಸಿ ಮನೆಯಲ್ಲಿದ್ದವರು ತಿಳಿದಿದ್ದರು. 1975ರ ಜನವರಿಯಲ್ಲಿ ರೇಡಿಯೊ, ಟಿವಿಯಲ್ಲಿ ಹೇಳಿಸಿದ ಮೇಲೆಯೇ ಅರ್ಜಿಗಳು ನುಗ್ಗಿದ್ದು. ಕೊನೆಯ ದಿನಾಂಕವನ್ನು ಮಾರ್ಚ್ 31ರವರೆಗೆ ತಳ್ಳಬೇಕಾಯಿತು. ತಪ್ಪಿಗೆ ಆಗಲೇ ಶಿಕ್ಷೆ ಅನುಭವಿಸಿದವನಿಗೆ ಮತ್ತೆ ದುಡಿಮೆಯ ಷರತ್ತು ಹಾಕಿದ್ದು ನಮ್ಮ ಮಟ್ಟಿಗೆ ಕ್ಷಮೆಯೇ ಅಲ್ಲ.

ಕಾರ್ಟರ್ ಅಧಿಕಾರ ವಹಿಸಿಕೊಂಡ ಮರುದಿನವೇ, 1977ರ ಜನವರಿ 21ರಂದು, ಬೇಷರತ್ತಾಗಿ ಕ್ಷಮಿಸಿದರು.

ಪ್ರ: ಕಾರ್ಟರ್ ಕ್ಷಮೆ ಎಲ್ಲರಿಗೂ ಸಿಕ್ಕಿತೇ? ಅರ್ಜಿ ಬೇಕಿತ್ತೇ? (ಧಾರವಾಡ)

ಉ: ಕ್ಷಮೆ ತಾನಾಗಿಯೇ ಜಾರಿಯಾಯಿತು. ಕಾಗದದ ಪುರಾವೆ ಬೇಕಾದವರು ನ್ಯಾಯಾಂಗ ಇಲಾಖೆಯ ಕ್ಷಮಾದಾನ ಕಚೇರಿಗೆ ಅರ್ಜಿ ಹಾಕಿ ಪ್ರಮಾಣಪತ್ರ ಪಡೆಯಬಹುದು. ನೋಡಬೇಕಾದ್ದು ತಪ್ಪು ನಡೆದ ದಿನಾಂಕ: 1964ರ ಆಗಸ್ಟ್ 4ರಿಂದ 1973ರ ಮಾರ್ಚ್ 28ರೊಳಗೆ ಇರಬೇಕು. ಶಿಕ್ಷೆ ಯಾವಾಗ ಆಯಿತು ಎಂಬುದು ಮುಖ್ಯವಲ್ಲ. ಹಿಂಸೆ ನಡೆಸಿದವರನ್ನೂ ಭರ್ತಿ ಇಲಾಖೆಯ ನೌಕರರನ್ನೂ ಹೊರಗಿಟ್ಟರು. ಸೇನೆ ಸೇರಿದ ಮೇಲೆ ಓಡಿಹೋದವರಿಗೂ ಇದು ಅನ್ವಯಿಸಲಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದವರು ಅಮೆರಿಕಕ್ಕೆ ಬರಬಹುದಿತ್ತು, ಆದರೆ ಉಳಿದ ವಿದೇಶಿಯರಂತೆಯೇ.

ಪ್ರ: ಬಾಕ್ಸರ್ ಮುಹಮ್ಮದ್ ಅಲಿಗೂ ಇದೇ ಕ್ಷಮೆಯೇ? (ಬಳ್ಳಾರಿ)

ಉ: ಅಲಿಗೆ ಅದರ ಅಗತ್ಯವೇ ಬೀಳಲಿಲ್ಲ. ಸೇನೆ ಸೇರಲು ಒಪ್ಪದ್ದಕ್ಕೆ 1967ರಲ್ಲಿ ಐದು ವರ್ಷ ಜೈಲು, 10,000 ಡಾಲರ್ ದಂಡ ವಿಧಿಸಿದ್ದರು. 1971ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ರದ್ದು ಮಾಡಿತು. 2018ರಲ್ಲಿ ಟ್ರಂಪ್ ಅಲಿಗೆ ಕ್ಷಮೆ ಕೊಡುವ ಮಾತಾಡಿದಾಗ ಅಲಿ ಪರ ವಕೀಲರು ಹೇಳಿದ್ದೂ ಇದನ್ನೇ.

ಪ್ರ: ನನ್ನ ಮಗ ಹದಿನಾರನೇ ವಯಸ್ಸಿಗೆ ಗ್ರೀನ್ ಕಾರ್ಡ್ ಪಡೆದ. ಸೆಲೆಕ್ಟಿವ್ ಸರ್ವಿಸ್‌ನಲ್ಲಿ (ಅಮೆರಿಕದ ಸೇನಾ ಭರ್ತಿ ಇಲಾಖೆ) ಹೆಸರು ನೋಂದಾಯಿಸಿಲ್ಲ, ಈಗ 28. ಪೌರತ್ವಕ್ಕೆ ಅರ್ಜಿ ಹಾಕಬೇಕು. ಕಾರ್ಟರ್ ಕ್ಷಮೆ ನೆರವಿಗೆ ಬರುತ್ತದೆಯೇ? (ಮೈಸೂರು)

ಉ: ಇಲ್ಲ. ಅದು 1973ರ ಮಾರ್ಚ್‌ವರೆಗಿನ ತಪ್ಪುಗಳಿಗೆ ಮಾತ್ರ. ಈಗಿನ ನೋಂದಣಿಯನ್ನು 1980ರಲ್ಲಿ ಮತ್ತೆ ಶುರು ಮಾಡಿದವರೂ ಅದೇ ಕಾರ್ಟರ್. 26 ತುಂಬಿದ ಮೇಲೆ ಹೆಸರು ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಸೆಲೆಕ್ಟಿವ್ ಸರ್ವಿಸ್‌ನಿಂದ ‘ಸ್ಟೇಟಸ್ ಇನ್ಫರ್ಮೇಷನ್ ಲೆಟರ್’ ತರಿಸಿಕೊಳ್ಳಲಿ. ನೋಂದಣಿ ಕಡ್ಡಾಯವಾಗಿತ್ತೇ ಎಂಬುದನ್ನಷ್ಟೇ ಅದು ಹೇಳುತ್ತದೆ; ಬೇಕೆಂದೇ ತಪ್ಪಿಸಿಕೊಂಡನೇ ಎಂದು ತೀರ್ಮಾನಿಸುವುದು ಪೌರತ್ವದ ಅಧಿಕಾರಿ. ‘ಗೊತ್ತಿರಲಿಲ್ಲ’ ಎಂದು ಒಂದು ಸಾಲು ಬರೆದರೆ ಸಾಲದು. ಆಗ ಎಲ್ಲಿದ್ದ, ಯಾವ ಶಾಲೆ, ಯಾಕೆ ತಿಳಿಯಲಿಲ್ಲ ಎಂದು ವಿವರವಾಗಿ ಪ್ರಮಾಣ ಮಾಡಿ ಬರೆಯಲಿ. ಬಲ್ಲವರ ಹೇಳಿಕೆಗಳನ್ನೂ ಜೊತೆಗಿಡಲಿ. ಸಾಮಾನ್ಯವಾಗಿ 31 ದಾಟಿದ ಮೇಲೆ ಇದು ಅಡ್ಡಿಯಾಗುವುದಿಲ್ಲ, ಹಾಗಾಗಿ ಅವಸರವಿಲ್ಲದಿದ್ದರೆ ಕಾಯುವುದೂ ಒಂದು ದಾರಿ. ಎಚ್-4 (ಅವಲಂಬಿತರ) ಅಥವಾ ಎಫ್-1 (ವಿದ್ಯಾರ್ಥಿ) ವೀಸಾದಲ್ಲೇ 26 ದಾಟಿದವರಿಗೆ ಈ ತಾಪತ್ರಯವಿಲ್ಲ. ಅವರು ಹಳೆಯ ಐ-94 (ದೇಶ ಪ್ರವೇಶದ ದಾಖಲೆ), ಐ-20 (ವಿದ್ಯಾರ್ಥಿ ದಾಖಲೆ) ಕಾಗದಗಳನ್ನು ಬಿಸಾಡದಿದ್ದರೆ ಸಾಕು.